ಒಳಮಡಿಕೆಯ ಮೂರು ಮಾತು

ಕೊಡೆ, ಬೆಕ್ಕು, ಗಡಿಯಾರ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಈ ಮೂರು ಮಾತು ಅವಳ ಬಾಯಲ್ಲಿ ನೊರೆಯ ಜೊತೆ ಸುತ್ತುತ್ತಿದ್ದವು. ಹನ್ನೆರಡು ದಿನದಿಂದ, ದಿನಕ್ಕೆ ಹದಿನೈದು ಇಪ್ಪತ್ತು ಬಾರಿಯಂತೆ, ಆಸ್ಪತ್ರೆಯ ಸಿಸ್ಟರ್ ಇವನ್ನು ಹೇಳುವುದನ್ನೂ ಎದುರು ಕೂತ ರೋಗಿಗಳು ತಿರುಗಿ ಒಪ್ಪಿಸುವುದನ್ನೂ ಕೇಳಿ ಕೇಳಿ ಅವುಗಳ ಒಳಗಿನ ತಿರುಳೆಲ್ಲ ಉದುರಿಹೋಗಿತ್ತು. ಕೊಡೆ ಅಂದರೆ ಮಳೆ ನೆನಪಾಗುತ್ತಿರಲಿಲ್ಲ, ಗಡಿಯಾರ ಅಂದರೆ ಹೊತ್ತಾಯಿತೆಂಬ ಗಾಬರಿ ಹುಟ್ಟುತ್ತಿರಲಿಲ್ಲ. ಬೆಕ್ಕೊಂದಕ್ಕೆ ಮಾತ್ರ ಇನ್ನೂ ಜೀವವಿತ್ತು. ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆಯ ಬೆಕ್ಕು ಅದು. ಯಾರೂ ನೋಡುತ್ತಿಲ್ಲವೆಂದುಕೊಂಡು ಅವಳು ತುಂಬುವ ಫಾರಂಗಳ ಮೇಲೆ ಸದ್ದಿಲ್ಲದೆ ನಡೆದಾಡುತ್ತಿತ್ತು. ಬಚ್ಚಲಲ್ಲೇ ಸಂಸಾರ ಹೂಡ್ತೀಯೇನೇ ಎಂದು ಅಮ್ಮ ಹೊರಗಿನಿಂದ ಬಾಗಿಲು ಬಡಿದಳು. ಬಂದೆ ಎನ್ನಲು ಬಾಯಿ ತೆರೆದರೆ ಬರೀ ನೊರೆ. ಅಮ್ಮ ತನ್ನನ್ನು ಮೂಗಿ ಎಂದು ಕರೆಯುವುದು ಪ್ರೀತಿಗೋ ಬೇಸರಕ್ಕೋ ಎಂಬುದು ಇಪ್ಪತ್ತನಾಲ್ಕು ವರ್ಷವಾದರೂ ಅವಳಿಗೆ ಇತ್ಯರ್ಥವಾಗಿರಲಿಲ್ಲ.

ಆಸ್ಪತ್ರೆಯ ಹಿಂಬದಿಯ ಮೆಟ್ಟಿಲು ಹತ್ತಿ, ಎಕ್ಸ್‌ರೇ ಕೋಣೆ ದಾಟಿ, ಮುರಿದ ಮಂಚಗಳನ್ನು ಒಟ್ಟಿದ ಮೂಲೆಯಲ್ಲಿ ತಿರುಗಿದರೆ ಹದಿನಾಲ್ಕನೇ ಕೊಠಡಿ. ಬಾಗಿಲ ಮೇಲೆ ನಂಬರು ಬಿಟ್ಟು ಬೇರೆ ಬೋರ್ಡಿಲ್ಲ. ಇದ್ದ ಬೋರ್ಡನ್ನು ಬಹಳ ಹಿಂದೆಯೇ ತೆಗೆದರಂತೆ, ಅದನ್ನು ನೋಡಿದವರು ಬಾಗಿಲವರೆಗೆ ಬಂದು ವಾಪಸ್ಸು ಹೋಗುತ್ತಿದ್ದರೆಂದು. ಎಚ್‌ಐವಿ ಇದ್ದವರ ಕೊಠಡಿ. ಒಂದು ಕಾಲಕ್ಕೆ ಇಲ್ಲಿಗೆ ಬಂದವರು ಎರಡು ಮಳೆಗಾಲ ಕಂಡರೆ ಹೆಚ್ಚು. ಆಮೇಲೆ ಮಾತ್ರೆ ಬಂತು, ಬಂದವರು ಉಳಿದರು, ಉಳಿದವರು ಎಲ್ಲರ ಹಾಗೆ ಮುದುಕರಾದರು. ಈಗ ಮೇಲಿನವರಿಗೆ ಹೊಸ ಪ್ರಶ್ನೆ ಹುಟ್ಟಿದೆ: ಜೀವ ಉಳಿಸಿದ್ದೇನೋ ಆಯಿತು, ವಯಸ್ಸಾದ ಮೇಲೆ ಇವರನ್ನು ನೋಡಿಕೊಳ್ಳುತ್ತಿರುವ ರೀತಿ ಸರಿ ಇದೆಯೇ? ಅದನ್ನು ಅಳೆಯಲು ಎರಡು ಪುಟದ ಫಾರಂ, ಮೂವತ್ತೊಂದು ಪ್ರಶ್ನೆ. ರಕ್ತದೊತ್ತಡ ನೋಡಿದರೇ, ಸಕ್ಕರೆ ನೋಡಿದರೇ, ಮೂಳೆ, ಮೂತ್ರಪಿಂಡ, ಈ ವರ್ಷ ಎಲ್ಲಾದರೂ ಬಿದ್ದಿರೇ ಎಂದು ಕೇಳಿದರೇ, ನೆನಪು ಪರೀಕ್ಷಿಸಿದರೇ. ಸಿಸ್ಟರ್ ಪಕ್ಕದಲ್ಲಿ ಕೂತು, ಕಂಡದ್ದನ್ನು ಕಂಡ ಹಾಗೆ ತುಂಬಲು ಮೂರು ವಾರದ ಮಟ್ಟಿಗೆ ಅವಳು. ಬರೆಯದೆ ಇರುವುದು ಮಾಡದೆ ಇರುವುದಕ್ಕೆ ಸಮ ಎಂದು ತರಬೇತಿಯಲ್ಲಿ ಮೂರು ಸಲ ಹೇಳಿಕೊಟ್ಟಿದ್ದರು. ಹಾಗಾದರೆ ಬರೆದದ್ದೆಲ್ಲ ಮಾಡಿದ್ದೇ ಎಂದು ಕೇಳಬೇಕೆನಿಸಿತ್ತು. ಕೈ ಎತ್ತುವಷ್ಟರಲ್ಲಿ ಊಟಕ್ಕೆ ಬಿಟ್ಟಿದ್ದರು.

ಕೊಠಡಿಯಲ್ಲಿ ಅವಳಿಗೆಂದು ಕುರ್ಚಿ ಇರಲಿಲ್ಲ. ತೂಕದ ಯಂತ್ರದ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ, ಮಂಡಿಯನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದಳು. ಅಲ್ಲಿಂದ ನೋಡಿದರೆ ಮನುಷ್ಯರ ಮುಖಕ್ಕಿಂತ ಕೈಗಳು ಹೆಚ್ಚು ಕಾಣುತ್ತಿದ್ದವು. ಅಂಕ ಹಾಕುವವಳೆಂದು ಸಾಲಿನಲ್ಲಿ ಕೂತವರು ಅವಳಿಗೆ ಮಾರ್ಕ್ಸ್ ಮೇಡಂ ಎಂದು ಹೆಸರಿಟ್ಟಿದ್ದರು. ಮೊದಲ ದಿನ ಸಿಸ್ಟರ್ ತನ್ನ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಲೋಟ ಮುಂದಿಟ್ಟಾಗ ಅವಳು, ಹೊಟ್ಟೆ ಸರಿ ಇಲ್ಲ ಸಿಸ್ಟರ್ ಅಂದಿದ್ದಳು. ಲೋಟದಿಂದ, ತಟ್ಟೆಯಿಂದ, ಮುಟ್ಟುವುದರಿಂದ ಏನೂ ಬರುವುದಿಲ್ಲವೆಂದು ಪರೀಕ್ಷೆಯಲ್ಲಿ ಅರ್ಧ ಪುಟ ಬರೆದು ಪೂರ್ತಿ ಅಂಕ ತೆಗೆದವಳು. ಬಾಯಿಂದ ಆ ಮಾತು ಹೊರಬಿದ್ದ ಮೇಲೆಯೇ ಅದು ಎಲ್ಲಿಂದ ಬಂತೆಂದು ಗೊತ್ತಾದದ್ದು. ಸಿಸ್ಟರ್ ಲೋಟ ಎತ್ತಿ ತಾವೇ ಕುಡಿದರು. ಅಂದಿನಿಂದ ಕೇಳುವುದನ್ನೂ ಬಿಟ್ಟರು. ದಿನಾ ಹನ್ನೊಂದು ಗಂಟೆಗೆ ಫ್ಲಾಸ್ಕಿನ ಮುಚ್ಚಳ ತಿರುಗುವ ಸದ್ದಿಗೆ ಅವಳ ಬೆನ್ನು ತಾನಾಗಿ ಬಾಗುತ್ತಿತ್ತು. ಇದಾವುದೂ ಅವಳ ದಿನಚರಿಯಲ್ಲಿ ಇರಲಿಲ್ಲ. ಇಂದು ಕೆಲಸ ಸುಗಮ, ಬಸ್ಸು ತಡ, ತಲೆನೋವು, ಇಷ್ಟೇ. ದಿನಚರಿಯನ್ನು ಅಮ್ಮ ಓದಿದರೂ ಓದಿಯಾಳು. ಅಮ್ಮನ ಲೆಕ್ಕದಲ್ಲಿ ಮಗಳು ಸಕ್ಕರೆ ಕಾಯಿಲೆ ವಿಭಾಗದಲ್ಲಿ ಇದ್ದಳು.

ನೆನಪಿನ ಪರೀಕ್ಷೆ ಹೀಗೆ: ಮೂರು ಮಾತು ಹೇಳುವುದು, ಐದು ನಿಮಿಷ ಬೇರೆ ವಿಷಯ ಕೇಳುವುದು, ಮತ್ತೆ ಆ ಮೂರನ್ನು ಹೇಳಿಸುವುದು. ಪ್ರತಿ ಸಲ ಮಾತು ಬದಲಿಸಬೇಕೆಂದು ಫಾರಂನ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿತ್ತು. ಸಿಸ್ಟರ್ ನಾಲ್ಕು ವರ್ಷದಿಂದ ಬದಲಿಸಿರಲಿಲ್ಲ. ಒಬ್ಬರೇ, ಬೆಳಿಗ್ಗೆಯೇ ಅರವತ್ತು ಜನ, ಅವರಲ್ಲಿ ವಯಸ್ಸಾದವರೇ ಹದಿನೈದು ಇಪ್ಪತ್ತು, ಹೊಸ ಮಾತು ಹುಡುಕಿಕೊಂಡು ಕೂತರೆ ಮಾತ್ರೆ ಕೊಡುವವರು ಯಾರು. ಹೀಗಾಗಿ ಕೊಡೆ ಬೆಕ್ಕು ಗಡಿಯಾರ ಎನ್ನುವುದು ಬಾಗಿಲಾಚೆಯ ಬೆಂಚಿನಲ್ಲಿ ಎಲ್ಲರ ಬಾಯಿಪಾಠವಾಗಿತ್ತು. ಹೊಸಬರಿಗೆ ಹಳಬರು ಹೇಳಿಕೊಡುತ್ತಿದ್ದರು, ಬಸ್ಸಿನ ನಂಬರು ಹೇಳಿದ ಹಾಗೆ. ತಮ್ಮನ್ನು ಬದುಕಿಸಿದ ಸಿಸ್ಟರಿಗೆ ಕಡಿಮೆ ಅಂಕ ಬರಬಾರದೆಂಬುದು ಅವರ ಲೆಕ್ಕ. ಎರಡನೆಯ ದಿನವೇ ಅವಳಿಗೆ ಇದು ಗೊತ್ತಾಗಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಹತ್ತು ದಿನ ಕಳೆದಿತ್ತು. ತನ್ನ ಫಾರಂಗಳ ರಾಶಿಯಲ್ಲಿ ಎಲ್ಲರಿಗೂ ಮೂರಕ್ಕೆ ಮೂರು. ಇಡೀ ಊರಿನಲ್ಲಿ ಇಷ್ಟು ಒಳ್ಳೆಯ ನೆನಪಿನ ಮುದುಕರು ಬೇರೆಲ್ಲೂ ಇರಲಾರರು.

ಈ ದಿನ ಹತ್ತೂವರೆಗೆ ಟೈಲರ್ ಬಂದರು. ಅರವತ್ತೇಳು ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೆಖೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳು. ಹದಿನೆಂಟು ವರ್ಷದ ಹಳಬರು. ಸಿಸ್ಟರ್ ತೊಟ್ಟಿದ್ದ ಕೋಟನ್ನು ಅವರೇ ಹೊಲಿದದ್ದು. ಬಂದವರೇ, ಏನು ಮಾರ್ಕ್ಸ್ ಮೇಡಂ, ಈ ಸಲ ಪಾಸೋ ನಪಾಸೋ ಎಂದು ನಕ್ಕರು. ಸಿಸ್ಟರ್ ನಗದೆ ಫೈಲು ತೆರೆದು ಅವಳ ಕಡೆ ವಾಲಿಸಿದರು. ವರ್ಷಗಟ್ಟಲೆ ರಕ್ತದಲ್ಲಿ ಕಾಣಿಸದೆ ಅಡಗಿದ್ದ ವೈರಸ್ಸು ಕಳೆದ ಎರಡು ಪರೀಕ್ಷೆಗಳಲ್ಲಿ ತಲೆಯೆತ್ತಿತ್ತು. ಮಾತ್ರೆ ಸರಿಯಾಗಿ ನುಂಗುತ್ತಿಲ್ಲ, ಎಚ್ಚರಿಕೆ ಕೊಡಲಾಗಿದೆ ಎಂದು ಡಾಕ್ಟರ ಗೀಚು. ಅದರ ಕೆಳಗೇ ಸಿಸ್ಟರ ದುಂಡು ಅಕ್ಷರ: ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿದೆ, ಲೆಕ್ಕ ಸರಿ ಇದೆ. ಈ ದಿನವೂ ಡಬ್ಬಿ ಬಗ್ಗಿಸಿ ಎಣಿಸಿದರು. ಆರು ಉಳಿಯಬೇಕಿತ್ತು, ಆರೇ ಉಳಿದಿತ್ತು. ನುಂಗಿದ ಲೆಕ್ಕ ಪಕ್ಕಾ, ನುಂಗದವರ ರೋಗ ರಕ್ತದಲ್ಲಿ. ಮೂರನೆಯ ಸಲವೂ ಏರಿದರೆ ಈ ಮಾತ್ರೆ ಕೆಲಸಕ್ಕೆ ಬಾರದು. ಇನ್ನೊಂದು ಬಗೆ ಇದೆ, ಇನ್ನೂ ಕಠಿಣದ್ದು, ಅದರಾಚೆಗೆ ಹೆಚ್ಚೇನೂ ಇಲ್ಲ.

ಸಿಸ್ಟರ್ ಮೂರು ಮಾತು ಹೇಳಿದರು. ನಿದ್ದೆ ಕೇಳಿದರು, ಮೆಟ್ಟಿಲು ಹತ್ತಿದರೆ ಏದುಸಿರೇ ಎಂದು ಕೇಳಿದರು. ಟೈಲರ್ ಎಲ್ಲಕ್ಕೂ ಒಂದೊಂದು ಹಾಸ್ಯ ಸೇರಿಸಿ ಉತ್ತರ ಕೊಟ್ಟರು. ಆಮೇಲೆ, ಆಗ ಹೇಳಿದ ಮೂರು ಮಾತು ಹೇಳಿ ಮಾಮ ಎಂದಾಗ, ಕೊಡೆ ಎಂದರು. ಅಲ್ಲಿಗೆ ನಿಂತರು. ಅವರ ಮುಖದಲ್ಲಿ ಆ ಹೊತ್ತು ನಡೆದದ್ದನ್ನು ಯಾವ ಕಾಲಂನಲ್ಲಿ ಬರೆಯಬೇಕೋ ಅವಳಿಗೆ ತಿಳಿಯಲಿಲ್ಲ. ಗಿರಾಕಿ ಬಂದು ನಿಂತಾಗ ಅವನ ಬಟ್ಟೆಯ ಗಂಟೇ ಸಿಗದ ಅಂಗಡಿಯವನ ಹಾಗೆ, ಒಳಗೆಲ್ಲ ಹುಡುಕಿ ಬಂದು ಬರಿಗೈಲಿ ನಿಂತಿದ್ದರು. ನಂತರ ಬಲಗೈ ಎಡ ಮಣಿಕಟ್ಟನ್ನು ತುರಿಸುವ ಹಾಗೆ ಗುಂಡಿ ಬಿಚ್ಚಿ, ಅಂಗಿತೋಳಿನ ತುದಿಯ ಕಫ್ ಅನ್ನು ಒಂದು ಸುತ್ತು ಹೊರಗೆ ಮಡಿಚಿತು. ಸ್ಟೂಲಿನ ಎತ್ತರದಲ್ಲಿ ಅವಳ ಕಣ್ಣಿಗೆ ನೇರ ಅದೇ ಬಿತ್ತು. ಬಿಳಿ ಬಟ್ಟೆಯ ಒಳಮಡಿಕೆಯಲ್ಲಿ, ತಿಳಿನೀಲಿ ದಾರದಲ್ಲಿ, ಸಾಸಿವೆಯಷ್ಟು ಸಣ್ಣ ಹೊಲಿಗೆಯಲ್ಲಿ ಮೂರು ಮಾತು. ಬೆಕ್ಕು, ಗಡಿಯಾರ ಎಂದು ಅವರು ಓದಿದರು. ಓದಿ ತಲೆಯೆತ್ತಿದಾಗ ಅವಳು ನೋಡುತ್ತಿರುವುದು ಕಂಡಿತು. ಅವರು ಬೇಡಿಕೊಳ್ಳಲಿಲ್ಲ, ನಗಲೂ ಇಲ್ಲ. ಸ್ನಾನದಲ್ಲಿ ಯಾರೋ ಬಾಗಿಲು ತೆರೆದರೆಂಬಂತೆ, ನಿಧಾನವಾಗಿ ಕಫ್ ಇಳಿಸಿ ಗುಂಡಿ ಹಾಕಿಕೊಂಡರು.

ನಾಲ್ಕನೇ ತರಗತಿಯಲ್ಲಿ ಮೇಷ್ಟ್ರು ಹೊರಗೆ ಹೋಗುವಾಗ, ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರಿ ಎಂದು ಸೀಮೆಸುಣ್ಣವನ್ನು ಅವಳ ಕೈಗೇ ಕೊಡುತ್ತಿದ್ದರು. ಮಾತಾಡದವಳು, ಪಕ್ಷ ವಹಿಸದವಳು ಎಂದು. ಇಡೀ ತರಗತಿ ಸಂತೆಯಾಗಿದ್ದರೂ ಅವಳ ಕೈ ಏಳುತ್ತಿರಲಿಲ್ಲ. ಮೇಷ್ಟ್ರ ಚಪ್ಪಲಿಯ ಸದ್ದು ಓಣಿಯಲ್ಲಿ ಕೇಳಿದಾಗ ಖಾಲಿ ಬೋರ್ಡು ನೋಡಿ ಹೆದರಿ, ಒಮ್ಮೆ ತನ್ನದೇ ಹೆಸರು ಬರೆದಿದ್ದಳು. ಎಲ್ಲರೂ ನಕ್ಕಿದ್ದರು, ಮೇಷ್ಟ್ರೂ. ಪೆನ್ನು ಕಾಗದದ ಮೇಲೆ ನಿಂತಿತ್ತು. ನೆನಪು: ಮೂರಕ್ಕೆ ಡ್ಯಾಶ್. ಎರಡಕ್ಕಿಂತ ಕಡಿಮೆ ಬಂದರೆ ಮನೆಯಿಂದ ಒಬ್ಬ ಜೊತೆಗಾರರು, ಅವರ ಹೆಸರು, ಸಂಬಂಧ, ಸಹಿ; ಮಾತ್ರೆ ತಿಂಗಳಿಗೊಮ್ಮೆ, ಅವರ ಕೈಗೆ. ಮೂರು ಬಂದರೆ ಇವರ ಕೈಗೇ, ಮೂರು ತಿಂಗಳದ್ದು ಒಟ್ಟಿಗೆ. ಅವಳು ಮೂರು ಎಂದು ಬರೆದಳು. ಸುಂದರವಾದ ಮೂರು, ಕೆಳಗಿನ ಬಾಲವೂ ಸರಿಯಾಗಿ ಬಂದಿತ್ತು.

ಅವರು ಹೋದ ಮೇಲೆ ಸಿಸ್ಟರ್ ಬಾಗಿಲು ಅರ್ಧ ಮುಚ್ಚಿ ಬಂದು, ಮುಂದಿನವರನ್ನು ಕರೆಯದೆ ಕೂತರು. ಐವತ್ತೆಂಟರ ಹೆಂಗಸು, ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಬಿಚ್ಚಿದ್ದರು.

"ನೀನು ನೋಡಿದ್ದನ್ನ ನಾನೂ ನೋಡಿದೆ," ಎಂದರು. "ಹೋದ ಸಲಾನೂ ನೋಡಿದ್ದೆ."

ಅವಳು ಫಾರಂನ ಮೂಲೆಯನ್ನು ಸರಿಮಾಡಿದಳು.

"ಒಂದು ಅಂತ ಬರೆದ್ರೆ ಮನೆಯವರನ್ನ ಕರೆಸಬೇಕು. ಮನೇಲಿ ಯಾರಿಗೂ ಗೊತ್ತಿಲ್ಲ. ಹದಿನೆಂಟು ವರ್ಷದಿಂದ ಬಿಪಿ ಮಾತ್ರೆ ಅಂತಲೇ ನುಂಗ್ತಿದ್ದಾರೆ. ಸೊಸೆಗೆ ಗೊತ್ತಾದ ದಿನ ನಾನು ಊಟ ಬಿಡ್ತೀನಿ ಸಿಸ್ಟರ್ ಅಂದಿದ್ದಾರೆ, ಅದು ತಮಾಷೆ ಅಲ್ಲ. ಮೂರು ಅಂತ ಬರೆದ್ರೆ ಹೀಗೇ ಮರೀತಾ ಮರೀತಾ ಒಂದಿನ ಮಾತ್ರೆ ಕೈಬಿಡುತ್ತೆ. ಇದರಲ್ಲಿ ಗುಣಮಟ್ಟ ಯಾವುದು, ಓದಿದವಳು ನೀನೇ ಹೇಳು. ನಾನಂತೂ ಯೋಚನೆ ಮಾಡೋದು ಬಿಟ್ಟಿದೀನಿ."

ಸಿಸ್ಟರ್ ಮೇಲಿನವರ ಮೇಲೆ ಹೊರಳಿದರು. ತಮ್ಮ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಕಂಡವರ ಎಲೆಯಲ್ಲಿ ನೊಣ ಹುಡುಕುವವರು, ಮೂವತ್ತೊಂದು ಪ್ರಶ್ನೆ ಕಳಿಸುವ ಬದಲು ಇನ್ನೊಬ್ಬ ನರ್ಸನ್ನು ಕಳಿಸಬಾರದಿತ್ತೇ ಎಂದರು. ಕೋಪವಿರಲಿಲ್ಲ ಆ ಮಾತಿನಲ್ಲಿ. ನೂರು ಸಲ ಒಗೆದ ಬಟ್ಟೆಯ ಹಾಗೆ ಬಣ್ಣ ಹೋಗಿತ್ತು. ನಂತರ ಎಂದಿನಂತೆ ಫ್ಲಾಸ್ಕಿನ ಮುಚ್ಚಳ ತಿರುಗಿತು.

ಊಟಕ್ಕೆಂದು ಒಂದೂವರೆಗೆ ಹೊರಬಂದಳು. ತುಂಬಿದ ಫಾರಂ ಯಾರ ಕೈಗೂ ಸಿಗಬಾರದೆಂಬ ನಿಯಮವಿದ್ದುದರಿಂದ ಎಲ್ಲವೂ ಹೆಗಲ ಚೀಲದಲ್ಲಿ, ಊಟದ ಡಬ್ಬಿಗೆ ಒತ್ತಿಕೊಂಡು ಇದ್ದವು. ಡಬ್ಬಿಯ ಬಿಸಿ ಆ ಮೂರಕ್ಕೂ ತಾಕುತ್ತಿರಬೇಕು. ಅಮ್ಮನ ಫೋನು. ಉಂಡೆಯಾ, ಆ ಸಕ್ಕರೆಯವರ ಮಧ್ಯೆ ಕೂತು ನೀನೂ ಸಿಹಿ ಬಿಟ್ಟುಬಿಡಬೇಡ, ಮೊದಲೇ ಕಡ್ಡಿ. ಇಲ್ಲಮ್ಮ ಎಂದಳು. ಈ ಸುಳ್ಳಿಗೆ ಈಗ ಉಸಿರೂ ತಗುಲುತ್ತಿರಲಿಲ್ಲ. ಆಸ್ಪತ್ರೆಯ ಎದುರಿನ ಬಸ್ಸು ನಿಲ್ದಾಣದ ನೆರಳಿನಲ್ಲಿ ಕೂತು ಉಣ್ಣೋಣವೆಂದು ರಸ್ತೆ ದಾಟಿದರೆ, ಬೆಂಚಿನ ತುದಿಯಲ್ಲಿ ಟೈಲರ್. ಬೆನ್ನು ನೆಟ್ಟಗೆ, ಮಂಡಿಯ ಮೇಲೆ ಮಾತ್ರೆಯ ಚೀಲ. ಹನ್ನೊಂದಕ್ಕೆ ಹೋದವರು. ಹಿಂತಿರುಗಿ ಆಸ್ಪತ್ರೆಯ ಒಳಗೇ ಉಣ್ಣಬಹುದಿತ್ತು. ಕೆಲಸದ ಹೊರಗೆ ರೋಗಿಗಳನ್ನು ಮಾತಾಡಿಸಬಾರದೆಂಬ ನಿಯಮವೂ ಅವಳ ಕಡೆಗೇ ಇತ್ತು. ಎರಡು ಬಸ್ಸು ಬಂದು ನಿಂತು ಹೋದವು. ಪ್ರತಿ ಸಲವೂ ಅವರು ಎದ್ದು, ಹಣೆಬರಹದ ಹಾಗೆ ಬಸ್ಸಿನ ಹಣೆಯ ಬೋರ್ಡು ಓದಿ, ಗೌರವದಿಂದ ಹಿಂದೆ ಸರಿದು ಕೂತರು.

ಅವಳು ಹೋಗಿ ಪಕ್ಕದಲ್ಲಿ ನಿಂತಳು. ಅವರು ಗುರುತು ಹಿಡಿಯಲಿಲ್ಲ. ಆದರೆ ಅವಳ ತೋಳನ್ನು ನೋಡಿದರು.

"ಈ ತೋಳು ಯಾರು ಹೊಲಿದಿದ್ದು ಮಗಾ? ಕಂಕುಳ ಹತ್ರ ಎಳೀತಿದೆಯಲ್ಲ. ಕೈ ಎತ್ತೋಕಾಗುತ್ತಾ ನಿಂಗೆ?"

ಆಗುತ್ತಿರಲಿಲ್ಲ. ಬಸ್ಸಿನ ಕಂಬಿ ಹಿಡಿಯಲು ಎಡಗೈಯನ್ನೇ ಬಳಸುವುದು ರೂಢಿಯಾಗಿತ್ತು. ಅದು ಅಂಗಿಯ ತಪ್ಪೆಂದು ಇಷ್ಟು ದಿನ ಹೊಳೆದಿರಲಿಲ್ಲ. ನಿಮ್ಮ ಬಸ್ಸು ಯಾವುದೆಂದು ಕೇಳಿದಳು. ಬರುತ್ತೆ, ಬರುತ್ತೆ ಎಂದರು. ಇನ್ನೊಮ್ಮೆ ಕೇಳಿದಾಗ ಚೀಲದೊಳಗೆ ಕೈ ಹಾಕಿ, ಅಂಗಡಿಯ ಬಿಲ್ ಪುಸ್ತಕವನ್ನು ತೆಗೆದು, ಅದರ ಮೇಲೆ ಅಚ್ಚಾದ ವಿಳಾಸವನ್ನು ಅವಳಿಗೆ ತೋರಿಸಿದರು. ಗಿರಾಕಿಗೆ ವಿಳಾಸ ಕೊಡುವವರ ಠೀವಿ ಅದರಲ್ಲಿತ್ತು. ಅವರು ತಮ್ಮ ಮನೆಯ ದಾರಿಯನ್ನೂ ಹೀಗೆ ಎಲ್ಲೋ ಒಂದು ಕಡೆ ಬರೆದೇ ಇಟ್ಟುಕೊಂಡಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಟಿಕೆಟ್ ತೆಗೆದು, ಅವಳು ಲೆಕ್ಕ ಹಾಕಿದಳು. ಮೂರು ಎಂದು ತಾನು ಬರೆದ ಕಾಗದ ತನ್ನ ತೊಡೆಯ ಮೇಲಿದೆ, ಮೂರಕ್ಕೆ ಮೂರು ಬಂದವರು ಎರಡೂವರೆ ಗಂಟೆ ತಮ್ಮ ಬಸ್ಸನ್ನೇ ನೋಡುತ್ತ ಕೂತಿದ್ದರು. ಇವರು ದಾರಿಯಲ್ಲಿ ಎಲ್ಲಾದರೂ ಇಳಿದುಹೋಗಿದ್ದರೆ, ಆ ಮೂರರ ಬಾಲ ಹಿಡಿದು ಯಾರು ಬರುತ್ತಿದ್ದರು?

ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಯ ಉದ್ದಕ್ಕೂ ಹ್ಯಾಂಗರಿನಲ್ಲಿ ತಲೆಯಿಲ್ಲದ ಅಂಗಿಗಳು. ಮಗ ಪ್ರೆಸ್ಸಿನಲ್ಲಿ ಪಾಳಿಗೆ ಹೋಗಿದ್ದ. ಸೊಸೆ ಮೇಜಿನ ಬಳಿ ಗುಂಡಿಗಳಿಗೆ ಕಾಜ ಹೊಲಿಯುತ್ತಿದ್ದಳು, ಮೂವತ್ತೈದರ ಆಸುಪಾಸು, ಹಲ್ಲಿನಲ್ಲಿ ದಾರದ ತುಂಡು. ಮಾವನನ್ನು ನೋಡಿ ಎದ್ದವಳು, ಹಿಂದಿದ್ದ ಇವಳನ್ನು ನೋಡಿ ದಾರ ತೆಗೆದಳು. ಟೈಲರ್ ಸೀದಾ ಹೋಗಿ ಯಂತ್ರದ ಮುಂದೆ ಕೂತು, ಅರ್ಧಕ್ಕೆ ಬಿಟ್ಟಿದ್ದ ಬಟ್ಟೆಯನ್ನು ಸೂಜಿಯ ಕೆಳಗೆ ಎಳೆದುಕೊಂಡರು. ಅಲ್ಲಿ ಅವರಿಗೆ ಮರೆವಿರಲಿಲ್ಲ. ಕಾಲು ತುಳಿಯಿತು, ಚಕ್ರ ತಿರುಗಿತು.

ತಾನು ಆಸ್ಪತ್ರೆಯವಳು, ಬಿಪಿ ವಿಭಾಗ, ಇವರು ಬಸ್ಸು ತಪ್ಪಿಸಿಕೊಂಡಿದ್ದರು ಎಂದಳು. ಸುಳ್ಳು ಸರಾಗವಾಗಿ ಬಂತು. ಸೊಸೆ ಅವಳನ್ನು ಒಳಬಾಗಿಲ ಬಳಿಗೆ ಕರೆದು ಒಂದು ಲೋಟ ನೀರು ಕೊಟ್ಟು, ಯಂತ್ರದ ಸದ್ದಿಗಿಂತ ಒಂದೆಳೆ ಕೆಳಗಿನ ದನಿಯಲ್ಲಿ ಕೇಳಿದಳು:

"ಹದಿನಾಲ್ಕನೇ ಕೊಠಡಿಯವರಾ?"

ಅರ್ಧ ನೀರು ಕುಡಿದಾಗಿತ್ತು. ಅರ್ಧ ಕುಡಿದ ಮೇಲೆಯೇ, ಲೋಟದ ಬಗ್ಗೆ ತಾನು ಯೋಚಿಸಿರಲಿಲ್ಲವೆಂದು ಅವಳಿಗೆ ತಿಳಿದದ್ದು. ಹೌದೆಂದು ತಲೆಯಾಡಿಸಿದಳು.

ಸೊಸೆಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ಡಬ್ಬಿಯ ಚೀಟಿಯನ್ನು ಮಾವ ಕಿತ್ತು ಎಸೆಯುತ್ತಿದ್ದರು; ಒಂದು ಸಲ ಮೂಲೆಯೊಂದು ಅಂಟಿಕೊಂಡೇ ಉಳಿದಿತ್ತು. ಅದನ್ನು ಯಾರಿಗೂ ಪರಿಚಯವಿಲ್ಲದ ಬೀದಿಯ ಔಷಧಿ ಅಂಗಡಿಗೆ ಒಯ್ದು ತೋರಿಸಿದಳು; ಇದು ಹದಿನಾಲ್ಕನೇ ಕೊಠಡಿಯ ಮಾತ್ರೆ ಎಂದು ಅಲ್ಲಿ ಹೇಳಿದರು. ಅತ್ತೆ ಹೋದದ್ದೂ ಅದರಿಂದಲೇ ಇರಬೇಕೆಂದು ಆಗ ತಿಳಿಯಿತು. ಒಂದು ತಿಂಗಳು ಮಾವನ ಬಟ್ಟೆ ಬೇರೆ ಒಗೆದಳು. ಅದನ್ನು ಹೇಳುವಾಗ ಅವಳು ಇವಳ ಮುಖ ನೋಡಲಿಲ್ಲ. ಆಮೇಲೆ ತನ್ನ ಮೇಲೇ ಹೇಸಿಗೆಯಾಗಿ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕಿದಳು. ಗೊತ್ತೆಂದು ಮಾವನಿಗೆ ಹೇಳಲಿಲ್ಲ; ಹೇಳಿದರೆ ಆ ಮನುಷ್ಯ ನಾಚಿಕೆಯಿಂದಲೇ ಸಾಯುತ್ತಾರೆ. ಮರೆವು ಶುರುವಾದ ಮೇಲೆ ಡಬ್ಬಿಯನ್ನು ದಿನಾ ಅವರ ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಡುತ್ತಿದ್ದಳು, ತಾನಾಗಿ ಅಲ್ಲಿ ಬಂದಿತೇನೋ ಎಂಬಂತೆ. ಆದರೂ ಕೆಲವು ದಿನ ಉಳಿಯುತ್ತಿತ್ತು. ಸೊಸೆ ದಾರದ ಉಂಡೆಗಳ ಡಬ್ಬವನ್ನು ತೆಗೆದು ಮುಚ್ಚಳ ಬಿಚ್ಚಿದಳು. ಬಣ್ಣಬಣ್ಣದ ಉಂಡೆಗಳ ಕೆಳಗೆ, ಬಟ್ಟೆಯ ಗಂಟಿನಲ್ಲಿ ಬಿಳಿ ಮಾತ್ರೆಗಳು, ಮೂವತ್ತೋ ನಲವತ್ತೋ. ಆಸ್ಪತ್ರೆಯಲ್ಲಿ ಉಳಿದದ್ದನ್ನು ಎಣಿಸುತ್ತಾರಂತೆ, ಹೆಚ್ಚು ಉಳಿದರೆ ಬೈಯುತ್ತಾರಂತೆ ಎಂದು ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಅದಕ್ಕೇ ಅವರು ಹೊರಡುವ ಹಿಂದಿನ ದಿನ, ದಿನಗಳನ್ನು ಎಣಿಸಿ ಹೆಚ್ಚಿನದನ್ನು ತೆಗೆದಿಡುತ್ತಿದ್ದಳು. ಸಿಸ್ಟರ್ ಎಣಿಸುತ್ತಿದ್ದ ಆ ಪಕ್ಕಾ ಲೆಕ್ಕ ಈ ಡಬ್ಬದಲ್ಲಿತ್ತು. ಎಲ್ಲರೂ ಸೇರಿ ಫಾರಂ ಒಂದನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದರು. ಜ್ವರ ಬರದ ಹಾಗೆ, ಬೀಳದ ಹಾಗೆ.

"ತೋಳಿನ ಒಳಗೆ ಅವರೇ ಪೆನ್ನಲ್ಲಿ ಬರ್ಕೊತಿದ್ರು," ಎಂದಳು ಸೊಸೆ. "ಒಗೆದ್ರೆ ಹೋಗ್ತಿತ್ತು. ಯಾಕೆ, ಏನು ಅಂತ ನಂಗೇನು ಗೊತ್ತು, ಬೇಕಾದ್ದು ಅನ್ನೋದಂತೂ ತಿಳೀತಲ್ಲ. ಎಲ್ಲಾ ಅಂಗಿಗೂ ನಾನೇ ಹೊಲಿದಿಟ್ಟೆ. ತಾನೇ ಹೊಲಿದು ಮರೆತೆ ಅಂದ್ಕೊಂಡಿರ್ತಾರೆ, ಪಾಪ." ಇನ್ನೂ ತಗ್ಗಿದ ದನಿಯಲ್ಲಿ, "ಆ ಮೂರು ಮಾತು ಬದಲಾಗೋ ಹಾಗಿದ್ರೆ ಮೊದಲೇ ಹೇಳಿಬಿಡಿ ನಂಗೆ. ಬಿಚ್ಚಿ ಬೇರೆ ಹಾಕಿಕೊಡ್ತೀನಿ. ಎಂಟು ಅಂಗಿ, ಎರಡು ದಿನದ ಕೆಲಸ."

ಹೇಳಬೇಕಾದ್ದು ನಾಲ್ಕೇ ಮಾತು. ತರಗತಿಯ ಸಂತೆ, ಓಣಿಯಲ್ಲಿ ಚಪ್ಪಲಿಯ ಸದ್ದು, ಖಾಲಿ ಬೋರ್ಡು.

"ಹೊಲೀಬೇಡಿ," ಎಂದಳು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ನೀವೇ ಜೊತೇಲಿ ಬನ್ನಿ. ಮಾತ್ರೆ ನಿಮ್ಮ ಕೈಗೆ ಕೊಡ್ತಾರೆ. ಉಳಿದಿರೋದನ್ನ ಬಚ್ಚಿಡಬೇಡಿ, ಹಾಗೇ ತನ್ನಿ. ಇಲ್ಲದಿದ್ರೆ ಇನ್ನೊಂದು ಸಲಕ್ಕೆ ಈ ಮಾತ್ರೆ ಅವರಿಗೆ ನಾಟೋದಿಲ್ಲ."

"ನಾನು ಬಂದ್ರೆ, ನಂಗೊತ್ತು ಅಂತ ಅವರಿಗೆ ಗೊತ್ತಾಗುತ್ತಲ್ಲ."

"ಗೊತ್ತಾಗಲಿ."

ಸೊಸೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ದ್ವೇಷದಿಂದಲ್ಲ; ಬಟ್ಟೆಯ ಗುಣ ನೋಡುವ ಹಾಗೆ. "ನೀವು ಅಲ್ಲಿ ಕೆಲಸ ಮಾಡೋದು ನಿಮ್ಮ ಮನೇಲಿ ಗೊತ್ತಾ?"

"ಇಲ್ಲ."

"ಮತ್ತೆ?" ಎಂದಳು ಸೊಸೆ.

ಅವಳು ಹೋಗಿ ಗಿರಾಕಿಗಳ ಬೆಂಚಿನ ಮೇಲೆ ಕೂತು, ಚೀಲದಿಂದ ಫಾರಂ ತೆಗೆದಳು. ಊಟದ ಡಬ್ಬಿಯ ಬಿಸಿಗೆ ಕಾಗದ ಬಾಗಿತ್ತು. ತಿದ್ದುವಾಗ ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಗುರುತು ಹಾಕಬೇಕು. ಮೂರರ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಒಂದು ಎಂದು ಬರೆದಳು. ಕೊಡೆಯನ್ನು ಅವರು ತಾವಾಗಿಯೇ ಹೇಳಿದ್ದರು, ಅದನ್ನು ಕಿತ್ತುಕೊಳ್ಳುವಂತಿಲ್ಲ. ಗುರುತಿನ ಜಾಗದಲ್ಲಿ ಎರಡಕ್ಷರ ಸಾಕಿತ್ತು, ಪೂರ್ತಿ ಹೆಸರು ಬರೆದಳು. ಉಳಿದ ಫಾರಂಗಳ ಮೂರುಗಳೆಲ್ಲ ಚೀಲದೊಳಗಿನಿಂದ ಇದನ್ನು ನೋಡುತ್ತಿದ್ದವು. ನಾಳೆ ಸಿಸ್ಟರ ಮುಂದೆ ಅವನ್ನೂ ಹೊರಗೆ ತೆಗೆಯಬೇಕು. ಸಿಸ್ಟರ್ ಏನನ್ನುತ್ತಾರೋ. ಏನೂ ಅನ್ನದೆ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡು ಕೂತರೆ ಅದು ಇನ್ನೂ ಕಷ್ಟ. ಜೊತೆಗಾರರು ಎಂಬ ಖಾಲಿ ಕಾಲಂನ ಮೇಲೆ ಪೆನ್ನಿಟ್ಟು ಕಾಗದವನ್ನು ಸೊಸೆಯ ಕಡೆ ಸರಿಸಿದಳು. ಸೊಸೆ ಮುಟ್ಟಲಿಲ್ಲ. ಮಾವನ ಬೆನ್ನನ್ನು ನೋಡುತ್ತ ನಿಂತಳು.

ಯಂತ್ರ ನಿಂತಿತು. ಇಷ್ಟು ಹೊತ್ತು ಆ ಸದ್ದಿನ ಮರೆಯಲ್ಲಿ ತಾವು ಮಾತಾಡಿದ್ದೆಂಬುದು ಅದು ನಿಂತ ಮೇಲೆ ಇಬ್ಬರಿಗೂ ಅರಿವಾಯಿತು.

"ಸೈನ್ ಹಾಕು ಮಗಾ," ಎಂದರು ಟೈಲರ್, ತಿರುಗದೆ. ಬೆರಳು ತಮ್ಮ ಎಡಗೈಯ ಕಫ್‌ನ ಅಂಚನ್ನು ಸವರುತ್ತಿತ್ತು. "ಅಷ್ಟು ಒತ್ತಾಗಿ ನಾನು ಜನ್ಮದಲ್ಲಿ ಹೊಲಿದವನಲ್ಲ. ಬೇರೆಯವರ ಕೈ ಅಂತ ಮುಟ್ಟಿದ ದಿನಾನೇ ಗೊತ್ತಾಯ್ತು."

ಸೊಸೆ ಸೆರಗಿನಿಂದ ಮುಖ ಒರೆಸಿಕೊಳ್ಳಲಿಲ್ಲ, ಅಳಲಿಲ್ಲ. ದಾರದ ಡಬ್ಬದ ಮುಚ್ಚಳವನ್ನು ಹಾಕಿದಳು, ಮತ್ತೆ ತೆಗೆದಳು, ಆ ಬಟ್ಟೆಯ ಗಂಟನ್ನು ಕತ್ತರಿಸುವ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಕಡೆ ಇಟ್ಟಳು. ಬಗ್ಗಿ, ಸಂಬಂಧ ಎಂಬಲ್ಲಿ ಸೊಸೆ ಎಂದು ಬರೆದು, ಕೆಳಗೆ ಸಹಿ ಮಾಡಿದಳು. ಅಕ್ಷರ ಹೊಲಿಗೆಯಷ್ಟೇ ಸಣ್ಣದಿತ್ತು.

ಏನಾದರೂ ಹಗುರವಾಗಬಹುದೆಂದು ಅವಳು ಕಾದಳು. ಹಾಗೇನೂ ಆಗಲಿಲ್ಲ. ಕಾಲು ನೋಯುತ್ತಿತ್ತು, ಊಟದ ಡಬ್ಬಿ ತುಂಬಿಯೇ ಇತ್ತು, ನಾಳೆ ಬೆಳಿಗ್ಗೆ ಮತ್ತೆ ಅರವತ್ತು ಜನ. ಫಾರಂ ಮಡಿಚಿ ಚೀಲಕ್ಕೆ ಹಾಕಿ ಎದ್ದಾಗ ಟೈಲರ್ ತಿರುಗಿ ಅವಳನ್ನು ನೋಡಿದರು. ಈಗಷ್ಟೇ ಬಂದವಳನ್ನು ನೋಡಿದ ಹಾಗೆ ಎದ್ದು, ಕೊರಳಿನ ಟೇಪು ಸರಿಮಾಡಿಕೊಂಡು, ಬಾ ಮಗಾ, ಅಳತೆ ಕೊಡೋಕೆ ಬಂದ್ಯಾ ಎಂದರು. ಅಲ್ಲವೆನ್ನಲು ಅವಳು ಸೊಸೆಯ ಕಡೆ ನೋಡಿದಳು. ಸೊಸೆ ಆಗಲೇ ಬಿಲ್ ಪುಸ್ತಕ ತೆರೆದು ಪೆನ್ಸಿಲು ಹಿಡಿದಿದ್ದಳು. ಅವಳು ಕೋಣೆಯ ನಡುವೆ ಹೋಗಿ ನಿಂತು ಎರಡೂ ಕೈ ಎತ್ತಿದಳು. ಬಲಗಂಕುಳಲ್ಲಿ ಹೊಲಿಗೆ ಚಟ್ಟೆಂದು ಬಿಟ್ಟಿತು. ನೋಡಿದ್ಯಾ, ಹೇಳಲಿಲ್ವಾ ನಾನು ಎಂದು ಟೈಲರ್ ಯಾರಿಗೋ ಹೇಳಿದರು. ಬೆಂಚಿನ ಮೇಲಿನ ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಈ ಹೊತ್ತಿಗೆ ಅಮ್ಮನೇ. ಕೈ ಇಳಿಸಬೇಡ, ಅಳತೆ ತಪ್ಪುತ್ತೆ ಎಂದರು ಅವರು. ಅವಳು ಇಳಿಸಲಿಲ್ಲ. ಎತ್ತಿದ ಕೈಯಲ್ಲೇ, ಅಮ್ಮಾ, ಅದು ಸಕ್ಕರೆ ವಿಭಾಗ ಅಲ್ಲ ಎನ್ನುವುದನ್ನು ಬಾಯೊಳಗೆ ಒಮ್ಮೆ ಹೇಳಿ ನೋಡಿದಳು. ಫೋನು ನಿಂತಿತು, ಮತ್ತೆ ಶುರುವಾಯಿತು.

ಟೇಪು ಭುಜದಿಂದ ಭುಜಕ್ಕೆ ಹಾದುಹೋಯಿತು, ಭುಜದಿಂದ ಮಣಿಕಟ್ಟಿಗೆ ಇಳಿಯಿತು, ಕತ್ತಿನಿಂದ ಕೆಳಗೆ ಜಾರಿತು. ಆ ಬೆರಳುಗಳು ನಡುಗುತ್ತಿರಲಿಲ್ಲ. ಭುಜ ಹದಿನಾಲ್ಕೂವರೆ, ತೋಳು ಇಪ್ಪತ್ತೊಂದು, ಉದ್ದ ಮೂವತ್ತೆಂಟು ಎಂದು ಒಂದೊಂದಾಗಿ ಕೂಗಿ, ಕೊನೆಯದನ್ನು ಹೇಳಿದ ಮೇಲೆ ಟೇಪನ್ನು ಕೈಯಲ್ಲೇ ಹಿಡಿದು ನಿಂತರು. ಬೆಳಿಗ್ಗೆ ಕಂಡ ಆ ಬರಿಗೈಯ ನೋಟ ಮತ್ತೆ ಅವರ ಮುಖಕ್ಕೆ ಬಂತು. ಬಲಗೈ ಎಡಗೈಯ ಗುಂಡಿಯ ಕಡೆ ಹೋಯಿತು, ಅಲ್ಲಿ ಈ ಲೆಕ್ಕ ಇರಲಾರದೆಂದು ನೆನಪಾದಂತೆ ನಡುವೆ ನಿಂತಿತು.

"ಮೊದಲನೇದು ಎಷ್ಟಂದೆ?"

"ಹದಿನಾಲ್ಕೂವರೆ ಮಾವ," ಎಂದಳು ಸೊಸೆ. "ಬರ್ಕೊಂಡಿದೀನಿ."